ಅಜ್ಜನ ಪುಸ್ತಕದಲ್ಲಿ ‘50 ಗ್ಯಾಲನ್ ನೀರು’ ಅಂತ ಇದೆ. ಎಷ್ಟು ಲೀಟರ್ ಹಿಡಿಯಬೇಕು?

ತೀರ್ಥಹಳ್ಳಿ ತೋಟ
ಮೇ 27, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಮೂರು ವರ್ಷದ ಹಿಂದೆ ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದವನು ನಾನು. ಎರಡೂವರೆ ಎಕರೆ ಅಡಿಕೆ ತೋಟ ಇದೆ. ಇಷ್ಟು ವರ್ಷ ಔಷಧಿ ಹೊಡೆಸುವ ಕೆಲಸ ಅಪ್ಪನದು. ಈ ಸಲ ಅವರಿಗೆ ಮಂಡಿನೋವು. ಹಾಗಾಗಿ ನಾನೇ ನಿಂತಿದ್ದೇನೆ.

ಅಟ್ಟದ ಮೇಲೆ ಅಜ್ಜನ ಲೆಕ್ಕದ ಪುಸ್ತಕ ಸಿಕ್ಕಿತು. ಅಡಿಕೆಯ ಕೊಳೆರೋಗದ ಔಷಧಿಗೆ ಅದರಲ್ಲಿ ಹೀಗೆ ಬರೆದಿದ್ದಾರೆ: ‘ತುತ್ತ 5 ಪೌಂಡು, ಸುಣ್ಣ 5 ಪೌಂಡು, ನೀರು 50 ಗ್ಯಾಲನ್.’ ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ಡಬ್ಬ 12½’ ಅಂತ ಸಣ್ಣದಾಗಿ ಇದೆ. ಅದೇನು ಅಂತ ಅಪ್ಪನಿಗೂ ಗೊತ್ತಿಲ್ಲ.

ಮೊಬೈಲಿನಲ್ಲಿ ನೋಡಿದೆ. ಒಂದು ಗ್ಯಾಲನ್ ಅಂದರೆ 3.785 ಲೀಟರ್ ಅಂತ ಬಂತು. 50 ಗ್ಯಾಲನ್ನಿಗೆ 189 ಲೀಟರ್. 5 ಪೌಂಡು ಅಂದರೆ 2.27 ಕೆಜಿ. ಸರಿಯಾಗಿ ತೂಕ ಮಾಡಿಯೇ ಇವತ್ತು ಎರಡು ಡ್ರಮ್ ಕಲಸಿದೆವು. ನಮ್ಮ ಕೊನೆಗೌಡರು ಒಂದು ಬೆರಳು ಅದ್ದಿ, ಒಣಗಲು ಬಿಟ್ಟು, ಹೆಬ್ಬೆರಳಿನಿಂದ ಉಜ್ಜಿ ನೋಡಿದರು. ‘ಅಜ್ಜಯ್ಯ ಇದ್ದಾಗ ಇಷ್ಟು ಗಟ್ಟಿ ಇರ್ತಿರಲಿಲ್ಲ ಕಣಪ್ಪ’ ಅಂದರು. ನಲವತ್ತು ವರ್ಷದಿಂದ ಮರ ಹತ್ತುತ್ತಿರುವವರು ಅವರು. ಅವರ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ.

ನನ್ನ ಲೆಕ್ಕ ಎಲ್ಲಿ ತಪ್ಪಿದೆ? ನಾಡಿದ್ದಿಗೆ ಇನ್ನೂ ಆರು ಡ್ರಮ್ ಬೇಕು. ಮೋಡ ಬೇರೆ ಕಟ್ಟುತ್ತಿದೆ.

ಸಾಗರ ಅಡಿಕೆ
ಮೇ 27, ರಾತ್ರಿ 9.58

ಪೌಂಡು, ಗ್ಯಾಲನ್ ಎಲ್ಲ ಬಿಡಿ ಅಣ್ಣ. ಈಗ ಎಲ್ಲರೂ ಹಿಡಿಯುವುದು 1-1-100. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ತುತ್ತವನ್ನು 50 ಲೀಟರಿನಲ್ಲಿ ಕರಗಿಸಿ. ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಕಲಸಿ ಸೋಸಿ. ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕಲಕಿ. ಸುಣ್ಣದ ನೀರನ್ನು ತುತ್ತದ ನೀರಿಗೆ ಹೊಯ್ಯಬೇಡಿ. ಕಬ್ಬಿಣದ ಪಾತ್ರೆ ಬೇಡ. ಕಲಸಿದ್ದನ್ನು ಅವತ್ತೇ ಮುಗಿಸಿ.

200 ಲೀಟರಿನ ಡ್ರಮ್ಮಿಗೆ ಎರಡು ಕೆಜಿ ತುತ್ತ ಸಾಕು. ನೀವು 189 ಲೀಟರಿಗೆ 2.27 ಹಾಕಿದ್ದೀರಿ. ಜಾಸ್ತಿ ಆಯಿತು.

ಹಳೇ ಮೇಷ್ಟ್ರು
ಮೇ 27, ರಾತ್ರಿ 10.25

ಸಾಗರದವರು ಹೇಳಿದ್ದು ಸರಿ. ಆದರೆ ನಿಮ್ಮ ಅಜ್ಜ ಬರೆದಿದ್ದೂ ಪೂರ್ತಿ ಸರಿ. ತಪ್ಪಿದ್ದು ನಡುವೆ ಬಂದ ಮೊಬೈಲು.

ಗ್ಯಾಲನ್ ಅನ್ನುವ ಹೆಸರಿನಲ್ಲಿ ಎರಡು ಅಳತೆ ಇವೆ. ಅಮೆರಿಕದ್ದು 3.785 ಲೀಟರ್. ಬ್ರಿಟಿಷರದ್ದು 4.546 ಲೀಟರ್. ಒಂದು ಗ್ಯಾಲನ್ನಿಗೇ ಮುಕ್ಕಾಲು ಲೀಟರ್ ವ್ಯತ್ಯಾಸ, ಅಂದರೆ ಐದನೇ ಒಂದು ಪಾಲು. ಮೊಬೈಲಿನಲ್ಲಿ ಸುಮ್ನೆ ಗ್ಯಾಲನ್ ಅಂತ ಹೊಡೆದರೆ ಹೆಚ್ಚಾಗಿ ಅಮೆರಿಕದ್ದೇ ಬರುತ್ತದೆ. ಇಂಗ್ಲೆಂಡಿನಲ್ಲಿ ಹಿಂದೆ ವೈನಿಗೊಂದು ಗ್ಯಾಲನ್, ಬಿಯರಿಗೊಂದು ಗ್ಯಾಲನ್ ಇತ್ತು. ವೈನಿನ ಗ್ಯಾಲನ್ 231 ಘನ ಇಂಚು ಅಂತ 1707ರಲ್ಲಿ ಕಾನೂನು ಮಾಡಿದರು. ಅಮೆರಿಕದವರು ಅದನ್ನೇ ಉಳಿಸಿಕೊಂಡರು. ಬ್ರಿಟಿಷರು 1824ರಲ್ಲಿ ಹಳೆಯದನ್ನೆಲ್ಲ ತೆಗೆದು, ‘ಹತ್ತು ಪೌಂಡು ತೂಗುವ ನೀರು ಎಷ್ಟು ಜಾಗ ಹಿಡಿಯುತ್ತದೋ ಅದು ಒಂದು ಗ್ಯಾಲನ್’ ಅಂತ ಹೊಸದಾಗಿ ಗೊತ್ತು ಮಾಡಿದರು. ನಮ್ಮ ದೇಶಕ್ಕೆ ಬಂದಿದ್ದು ಆ ಗ್ಯಾಲನ್.

ಈಗ ಅಜ್ಜನ ಲೆಕ್ಕ ನೋಡಿ. 50 ಗ್ಯಾಲನ್ ನೀರು ಅಂದರೆ 500 ಪೌಂಡು ನೀರು. ಅದಕ್ಕೆ 5 ಪೌಂಡು ತುತ್ತ. ನೂರಕ್ಕೆ ಒಂದು. ಇವತ್ತಿನ 1-1-100 ಕೂಡ ನೂರಕ್ಕೆ ಒಂದೇ. 5-5-50 ಅನ್ನುವುದು ಹಳೇ ಸೂತ್ರ. ಬ್ರಿಟಿಷ್ ಗ್ಯಾಲನ್ ಹಿಡಿದರೆ ಶೇಕಡಾ ಒಂದಕ್ಕೆ ಕರಾರುವಾಕ್ಕಾಗಿ ಬಂದು ಕೂರುತ್ತದೆ. ಲೀಟರಿನಲ್ಲಿ ಹೇಳುವುದಾದರೆ 227.3. ನೀವು 189 ಹಿಡಿದಿದ್ದರಿಂದ 1.2 ಆಯಿತು.

ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಕೆನಡಾದಿಂದ ಬಂದಿದ್ದ ಲೆಸ್ಲಿ ಕೋಲ್ಮನ್ ಅವರು 1910ರ ಸುಮಾರಿಗೆ ಕೊಳೆರೋಗದ ಮೇಲೆ ಕೆಲಸ ಮಾಡಿ, ನಮ್ಮ ಕಡೆಯ ತೋಟಗಳಿಗೆ ಬೋರ್ಡೋ, ಅಂದರೆ ಈ ತುತ್ತ-ಸುಣ್ಣದ ದ್ರಾವಣ, ಹೊಡೆಯುವುದನ್ನು ಕಲಿಸಿದರು. ಅಜ್ಜನ ಕಾಲದವರಿಗೆ ಪೌಂಡು, ಗ್ಯಾಲನ್ನಿನಲ್ಲೇ ಲೆಕ್ಕ ಬಂದದ್ದು ಸಹಜ. ದೇಶದಲ್ಲಿ ಕಿಲೋ, ಲೀಟರಿನ ಕಾನೂನು ಆಗಿದ್ದೇ 1956ರಲ್ಲಿ. ಪುಸ್ತಕವನ್ನು ಜೋಪಾನವಾಗಿ ಇಡಿ.

ತೀರ್ಥಹಳ್ಳಿ ತೋಟ
ಮೇ 27, ರಾತ್ರಿ 10.41

ಮೇಷ್ಟ್ರೇ, ಓದಿ ಮೈ ಜುಮ್ ಅಂತು. ಅಪ್ಪನಿಗೆ ಈಗಲೇ ಓದಿ ಹೇಳಿದೆ. ಹಾಗಾದರೆ ಇವತ್ತು ಹೊಡೆದ ಎರಡು ಡ್ರಮ್ಮಿನಿಂದ ಗೊನೆಗೆ ತೊಂದರೆ ಆಗುತ್ತದಾ? ಮತ್ತೆ ಆ ‘ಡಬ್ಬ 12½’ ಏನಿರಬಹುದು?

ಸಾಗರ ಅಡಿಕೆ
ಮೇ 27, ರಾತ್ರಿ 10.50

ಸುಣ್ಣ ಸರಿಯಾಗಿ ಕೂಡಿದ್ದರೆ ಅಷ್ಟಕ್ಕೆ ಏನೂ ಆಗುವುದಿಲ್ಲ. ತುತ್ತ ದಂಡ, ಅಷ್ಟೇ. ನಿಜವಾದ ಅಪಾಯ ಸುಣ್ಣ ಸಾಲದೆ ದ್ರಾವಣದಲ್ಲಿ ತುತ್ತದ ಹುಳಿ (ಆಮ್ಲ) ಉಳಿದರೆ. ಉಜ್ಜಿ ಹೊಳಪು ಬರಿಸಿದ ಕತ್ತಿಯ ತುದಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದು ಅಂತ. ಹಿಡಿಯದೇ ಇರುವ ತನಕ ಸುಣ್ಣದ ನೀರು ಸೇರಿಸಿ. ಸುಣ್ಣ ಹಳೆಯದಾದರೆ ಒಂದು ಕೆಜಿಗೆ ಒಂದು ಕೆಜಿ ಅನ್ನುವ ಲೆಕ್ಕವೂ ಸಾಲುವುದಿಲ್ಲ. ಈ ಒಂದು ಪರೀಕ್ಷೆಯನ್ನು ಮಾತ್ರ ಬಿಡಬೇಡಿ.

ಹೊಸನಗರ ಅಕ್ಕ
ಮೇ 28, ಬೆಳಗ್ಗೆ 6.15

ಡಬ್ಬ ಅಂದರೆ ಸೀಮೆಎಣ್ಣೆ ಡಬ್ಬ ತಮ್ಮಾ. ಚೌಕದ ತಗಡಿನ ಡಬ್ಬ. ಹಿಂದೆ ನಾಲ್ಕು ಗ್ಯಾಲನ್ ಸೀಮೆಎಣ್ಣೆ ಅದರಲ್ಲಿ ಬರುತ್ತಿತ್ತು. ಖಾಲಿಯಾದ ಮೇಲೆ ಬಾಯಿ ಕೊಯ್ದು, ಅಡ್ಡಕ್ಕೆ ಒಂದು ಮರದ ಹಿಡಿ ಹೊಡೆದು ನೀರು ಹೊರಲು ಇಟ್ಟುಕೊಳ್ಳುತ್ತಿದ್ದರು. 50 ಗ್ಯಾಲನ್ನಿಗೆ ನಾಲ್ಕರ ಲೆಕ್ಕದಲ್ಲಿ ಹನ್ನೆರಡೂವರೆ ಡಬ್ಬ. ನಿಮ್ಮ ಅಜ್ಜ ಗ್ಯಾಲನ್ ಅಳೆಯಲೇ ಇಲ್ಲ. ಡಬ್ಬ ಎಣಿಸಿ ಪೀಪಾಯಿಗೆ ಹೊಯ್ದಿದ್ದಾರೆ.

ನಮ್ಮ ಮನೆಯ ಹಳೇ ಕೊಟ್ಟಿಗೆಯಲ್ಲಿ ಅಂಥದ್ದೊಂದು ಇದೆ. ಜೋನಿಬೆಲ್ಲ ತುಂಬಿಡುತ್ತಿದ್ದರು. ಬೆಳಗ್ಗೆ ಹಾಲು ಕರೆದಾದ ಮೇಲೆ ಕುತೂಹಲ ತಡೆಯಲಾಗದೆ ಅದನ್ನು ತೊಳೆದು, ಲೀಟರಿನ ಮಾಪಿನಲ್ಲಿ ನೀರು ಹೊಯ್ದು ನೋಡಿದೆ. ಹದಿನೆಂಟು ಲೀಟರ್ ಹಿಡಿಸಿತು. ಮೇಲೆ ಇನ್ನೊಂದು ಲೋಟ ಹಿಡಿಸುತ್ತಿತ್ತೋ ಏನೋ. ಅಷ್ಟರಲ್ಲಿ ಮೂಲೆಯ ತೂತಿನಿಂದ ಸೋರಲು ಶುರುವಾಯಿತು.

ಹಳೇ ಮೇಷ್ಟ್ರು
ಮೇ 28, ಬೆಳಗ್ಗೆ 7.02

ಅಕ್ಕಾ, ಬಹಳ ಒಳ್ಳೆಯ ಕೆಲಸ ಮಾಡಿದಿರಿ. ನಾಲ್ಕು ಬ್ರಿಟಿಷ್ ಗ್ಯಾಲನ್ ಅಂದರೆ 18.18 ಲೀಟರ್. ಅಮೆರಿಕದ ಗ್ಯಾಲನ್ ಆಗಿದ್ದರೆ 15 ಲೀಟರಿಗೇ ತುಂಬಿ ಚೆಲ್ಲಬೇಕಿತ್ತು. ಯಾವ ಗ್ಯಾಲನ್ ಅನ್ನುವುದಕ್ಕೆ ನಿಮ್ಮ ಕೊಟ್ಟಿಗೆಯಲ್ಲೇ ಸಾಕ್ಷಿ ಸಿಕ್ಕಿತು.

ಕೊಪ್ಪ ಕಾಫಿ
ಮೇ 28, ಬೆಳಗ್ಗೆ 7.30

ಇವತ್ತಿನ ಡಬ್ಬಕ್ಕೆ ಆ ಲೆಕ್ಕ ಹಚ್ಚಬೇಡಿ. ಅಂಗಡಿಯ ಎಣ್ಣೆ ಡಬ್ಬ ಈಗ 15 ಕೆಜಿಯ ಲೆಕ್ಕದಲ್ಲಿ ಬರುತ್ತದೆ, ಲೀಟರಿನದಲ್ಲ. ಎಣ್ಣೆ ನೀರಿಗಿಂತ ಹಗುರ. ಒಂದು ಲೀಟರ್ ಎಣ್ಣೆಯ ಪ್ಯಾಕೆಟ್ ತಿರುಗಿಸಿ ನೋಡಿ, 910 ಗ್ರಾಂ ಅಂತ ಇರುತ್ತದೆ. 15 ಕೆಜಿ ಎಣ್ಣೆ ಅಂದರೆ ಹದಿನಾರೂವರೆ ಲೀಟರ್ ಆಗುತ್ತದೆ.

ಡ್ರಮ್ಮಿನ ವಿಷಯವೂ ಹಾಗೇ. ಎಲ್ಲ ನೀಲಿ ಡ್ರಮ್ಮೂ 200 ಲೀಟರ್ ಅಂತ ನಾವು ಹೇಳುತ್ತೇವೆ. ಕಂಠದ ತನಕ ತುಂಬಿದರೆ ಒಂದರಲ್ಲಿ 210, ಇನ್ನೊಂದರಲ್ಲಿ 225 ಹಿಡಿಸುತ್ತದೆ. ನಮ್ಮಲ್ಲಿ ಎರಡು ವರ್ಷ ಕಾಳುಮೆಣಸಿಗೆ ಬೋರ್ಡೋ ನೀರಾಗಿ ಹೋಗಿತ್ತು. ಕಾರಣ ಡ್ರಮ್ಮಿನ ಕಂಠ. ನೀವು ಗಟ್ಟಿ ಮಾಡಿದಿರಿ, ನಾವು ತೆಳು ಮಾಡಿದೆವು. ಮಳೆ ಹೊತ್ತಿಗೆ ತೆಳು ಆಗುವುದೇ ಹೆಚ್ಚು ಕಷ್ಟ.

ಶಿಕಾರಿಪುರ ಬೋರು
ಮೇ 28, ಬೆಳಗ್ಗೆ 8.10

ಗ್ಯಾಲನ್ ಮಾತು ಬಂದಿದ್ದಕ್ಕೆ ಕೇಳುತ್ತೇನೆ. ಬೋರ್ ಕೊರೆಸುವಾಗ ‘ಎರಡು ಇಂಚು ನೀರು ಬಂತು’ ಅನ್ನುತ್ತಾರೆ. ಕೆಲವರು ‘ಗಂಟೆಗೆ ಇಷ್ಟು ಗ್ಯಾಲನ್’ ಅನ್ನುತ್ತಾರೆ. ನಮ್ಮ ಪಕ್ಕದ ಹೊಲದಲ್ಲಿ ಒಂದು ಇಂಚು, ನಮ್ಮಲ್ಲಿ ಎರಡು ಇಂಚು. ನಮಗೆ ಅವರ ಎರಡರಷ್ಟು ನೀರು ಅಂತ ಅಂದುಕೊಂಡು, ಪೈಪು ಹಂಚಿಕೊಳ್ಳುವ ಲೆಕ್ಕವನ್ನೂ ಹಾಗೇ ಹಾಕಿದ್ದೇವೆ. ಸರಿ ಇದೆಯಾ?

ಹಳೇ ಮೇಷ್ಟ್ರು
ಮೇ 28, ಬೆಳಗ್ಗೆ 8.55

ಇಲ್ಲ. ದಯವಿಟ್ಟು ಆ ಲೆಕ್ಕವನ್ನು ಇವತ್ತೇ ತಿದ್ದಿ.

ಆ ಇಂಚು ಪೈಪಿನ ಇಂಚಲ್ಲ. ಬೋರಿನಿಂದ ಬಂದ ನೀರನ್ನು ಕಾಲುವೆ ಮಾಡಿ, ಕೊನೆಗೆ ‘ವಿ’ ಆಕಾರದಲ್ಲಿ ಕತ್ತರಿಸಿದ ತಗಡು ಇಡುತ್ತಾರೆ. ಆ ಕೊಯ್ತದಲ್ಲಿ ನೀರು ಎಷ್ಟು ಇಂಚು ಎತ್ತರ ಏರಿ ಹರಿಯುತ್ತದೋ ಅದು ‘ಇಷ್ಟು ಇಂಚು ನೀರು’. ಕೊಯ್ತ ಕೆಳಗೆ ಚೂಪು, ಮೇಲೆ ಅಗಲ. ನೀರು ಏರಿದ ಹಾಗೆ ಅಗಲವೂ ಹೆಚ್ಚುತ್ತದೆ, ವೇಗವೂ ಹೆಚ್ಚುತ್ತದೆ. ಹಾಗಾಗಿ ಎತ್ತರ ಎರಡು ಪಟ್ಟಾದರೆ ನೀರು ಐದೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತದೆ.

90 ಡಿಗ್ರಿ ಕೊಯ್ತವಾದರೆ ಒಂದು ಇಂಚಿಗೆ ಗಂಟೆಗೆ ಸುಮಾರು 500 ಲೀಟರ್. ಎರಡು ಇಂಚಿಗೆ ಸುಮಾರು 2,900. ಮೂರು ಇಂಚಿಗೆ ಹತ್ತಿರ ಹತ್ತಿರ 8,000. ಗ್ಯಾಲನ್ ಬೇಕಾದರೆ ಲೀಟರನ್ನು ನಾಲ್ಕೂವರೆಯಿಂದ ಭಾಗಿಸಿ. ಎರಡು ಇಂಚು ಅಂದರೆ 640 ಗ್ಯಾಲನ್ ಅಷ್ಟು.

ತಗಡನ್ನು ನಂಬುವುದಕ್ಕಿಂತ 20 ಲೀಟರಿನ ಕ್ಯಾನ್ ಹಿಡಿಯಿರಿ. ತುಂಬಲು ಎಷ್ಟು ಸೆಕೆಂಡ್ ಅಂತ ಮೊಬೈಲಿನಲ್ಲಿ ನೋಡಿ. 72,000ವನ್ನು ಆ ಸೆಕೆಂಡಿನಿಂದ ಭಾಗಿಸಿದರೆ ಗಂಟೆಗೆ ಎಷ್ಟು ಲೀಟರ್ ಅಂತ ಸಿಗುತ್ತದೆ. 25 ಸೆಕೆಂಡಿಗೆ ತುಂಬಿದರೆ 2,880.

ಶಿಕಾರಿಪುರ ಬೋರು
ಮೇ 28, ಮಧ್ಯಾಹ್ನ 12.20

ಕ್ಯಾನ್ ಹಿಡಿದೆವು ಸರ್. ನಮ್ಮದು 27 ಸೆಕೆಂಡ್. ಅವರದು ಎರಡು ನಿಮಿಷ 10 ಸೆಕೆಂಡ್. ನಮ್ಮಲ್ಲಿ ಅವರ ಐದರಷ್ಟು ನೀರಿದೆ. ಪಕ್ಕದ ಹೊಲದ ಅಣ್ಣ ಏನೂ ಮಾತಾಡದೆ ಕ್ಯಾನನ್ನೇ ನೋಡುತ್ತಾ ನಿಂತರು. ರಾತ್ರಿ ನಾಲ್ಕು ಗಂಟೆ ಕಾಲ ನಮ್ಮ ಬೋರಿನಿಂದ ಅವರ ಕಡೆಗೆ ಬಿಡೋಣ ಅಂತ ಮಾತಾಡಿಕೊಂಡೆವು.

ಭದ್ರಾವತಿ ನರ್ಸ್
ಮೇ 28, ಮಧ್ಯಾಹ್ನ 2.05

ತೋಟದ ಚರ್ಚೆಯಲ್ಲಿ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಒಂದೇ ಹೆಸರು, ಎರಡು ಅಳತೆ ಅನ್ನುವ ಮಾತು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಇದು ಜೀವದ ಪ್ರಶ್ನೆ.

ಇನ್ಸುಲಿನ್‌ನಲ್ಲಿ ನಮ್ಮ ದೇಶದಲ್ಲಿ ಎರಡು ಥರ ಸಿಗುತ್ತದೆ. ಯು-40 ಅಂದರೆ ಒಂದು ಮಿಲಿಯಲ್ಲಿ 40 ಯೂನಿಟ್. ಯು-100 ಅಂದರೆ ಒಂದು ಮಿಲಿಯಲ್ಲಿ 100 ಯೂನಿಟ್. ಸಿರಿಂಜೂ ಬೇರೆ ಬೇರೆ. ಯು-40ಕ್ಕೆ ಕೆಂಪು ಮುಚ್ಚಳ, ಯು-100ಕ್ಕೆ ಕಿತ್ತಳೆ ಮುಚ್ಚಳ. ಯು-100 ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಒಳಗೆ ಹೋಗುವುದು ಅರ್ಧ ಮಿಲಿ. ಅದರಲ್ಲಿ 50 ಯೂನಿಟ್ ಇರುತ್ತದೆ. ಎರಡೂವರೆ ಪಟ್ಟು. ಮನುಷ್ಯ ಬೆವತು ಬಿದ್ದುಬಿಡುತ್ತಾನೆ. ಬಾಟಲಿಯ ಮೇಲಿನ ನಂಬರು, ಸಿರಿಂಜಿನ ಮೇಲಿನ ನಂಬರು ಎರಡೂ ಒಂದೇ ಇರಬೇಕು. ಅಂಗಡಿಯಲ್ಲಿ ‘ಅದೇ ಇದು, ತಗೊಳ್ಳಿ’ ಅಂದರೂ ಓದಿಯೇ ತಗೊಳ್ಳಿ.

ಇನ್ನೊಂದು ಮಕ್ಕಳ ಸಿರಪ್. ‘ಒಂದು ಚಮಚ’ ಅಂದರೆ 5 ಮಿಲಿ ಅಂತ ಲೆಕ್ಕ. ನನ್ನ ಮನೆಯ ಚಮಚಗಳನ್ನು ಸಿರಿಂಜಿನಲ್ಲಿ ಅಳೆದು ನೋಡಿದ್ದೇನೆ. ಉಪ್ಪಿನಕಾಯಿ ಡಬ್ಬಿಯ ಚಮಚದಲ್ಲಿ ಮೂರೂವರೆ ಹಿಡಿಸಿತು. ಮೊಸರಿಗೆ ಹಾಕುವುದರಲ್ಲಿ ಆರೂವರೆ. ನನ್ನ ಅಣ್ಣನ ಮಗಳಿಗೆ ಜ್ವರ ಬಂದಾಗ ಮನೆಯವರು ಎರಡು ದಿನ ಆ ಸಣ್ಣ ಚಮಚದಲ್ಲೇ ಕೊಟ್ಟು, ಜ್ವರ ಇಳಿಯುತ್ತಿಲ್ಲ ಅಂತ ಗಾಬರಿಯಾಗಿದ್ದರು. ಸಿರಪ್ಪಿನ ಜೊತೆ ಬರುವ ಮುಚ್ಚಳದಲ್ಲಿ 2.5, 5 ಅಂತ ಗೆರೆ ಇರುತ್ತದೆ. ಅದನ್ನು ಎಸೆಯಬೇಡಿ.

ಮಗುವಿನ ಹಾಲಿನ ಬಾಟಲಿಯ ಮೇಲೆ ಔನ್ಸ್ ಇದ್ದರೆ ಒಂದು ಔನ್ಸಿಗೆ 30 ಮಿಲಿ ಅಂತ ಹಿಡಿದರೆ ಸಾಕು. ಇಂಜೆಕ್ಷನ್ನಿನ ಸಿಸಿ ಮತ್ತು ಮಿಲಿ ಎರಡೂ ಒಂದೇ. ದನದ ಡಾಕ್ಟರು 10 ಸಿಸಿ ಅಂದರೂ 10 ಮಿಲಿಯೇ.

ಕೊಪ್ಪ ಕಾಫಿ
ಮೇ 28, ಮಧ್ಯಾಹ್ನ 2.40

ಬಹಳ ಉಪಕಾರ ಆಯಿತು ಸಿಸ್ಟರ್. ನಮ್ಮ ಅಮ್ಮನ ಸಿರಿಂಜು ನೋಡಿ ಬಂದೆ. ಎರಡೂ 40, ಸರಿ ಇದೆ.

ಯಡೂರು ಹುಡುಗ
ಮೇ 28, ಮಧ್ಯಾಹ್ನ 3.15

ಬೆನ್ನಿಗೆ ಹಾಕುವ ಪಂಪಿನ ಔಷಧಿ ಅಳೆಯಲು ನಮ್ಮಲ್ಲಿ ಕ್ವಾರ್ಟರ್ ಬಾಟಲಿ ಇಟ್ಟುಕೊಂಡಿದ್ದೇವೆ. 180 ಮಿಲಿ ಸರಿಯಾಗಿ ಬರುತ್ತದೆ. ಅದರ ಕಾಲು ಭಾಗ 45. ಸುಲಭ ಅಲ್ವಾ?

ಭದ್ರಾವತಿ ನರ್ಸ್
ಮೇ 28, ಮಧ್ಯಾಹ್ನ 3.22

ತಮ್ಮಾ, ಇವತ್ತೇ ಅದನ್ನು ಒಡೆದು ಹಾಕು. ಕುಡಿಯುವ ಬಾಟಲಿಯಲ್ಲಿ ವಿಷ ಇಟ್ಟು, ಕತ್ತಲಲ್ಲಿ ಯಾರೋ ಬಾಯಿಗೆ ಹಾಕಿಕೊಂಡು ಬಂದದ್ದನ್ನು ನಾನು ಡ್ಯೂಟಿಯಲ್ಲಿ ನೋಡಿದ್ದೇನೆ. ಗೆರೆ ಇರುವ ಪ್ಲಾಸ್ಟಿಕ್ ಅಳತೆ ಲೋಟ ಔಷಧಿ ಅಂಗಡಿಯಲ್ಲೇ ಸಿಗುತ್ತದೆ. ಲೀಟರಿಗೆ 2 ಮಿಲಿ ಅಂತ ಇದ್ದರೆ 16 ಲೀಟರಿನ ಪಂಪಿಗೆ 32 ಮಿಲಿ. ಅದಕ್ಕೆ ಕಾಲು ಕ್ವಾರ್ಟರ್ ಹಾಕಿದರೆ 45 ಆಯಿತು. ಅಳತೆಯೂ ತಪ್ಪು.

ಯಡೂರು ಹುಡುಗ
ಮೇ 28, ಮಧ್ಯಾಹ್ನ 3.30

ಸರಿ ಅಕ್ಕ. ಇವತ್ತೇ ತೆಗೆಯುತ್ತೇನೆ.

ಹೊಸನಗರ ಅಕ್ಕ
ಮೇ 28, ಸಂಜೆ 5.45

ನನ್ನದೊಂದು ಹಳೇ ಅನುಮಾನ ಇದೆ, ಮೇಷ್ಟ್ರೇ. ಡೇರಿಗೆ ಹಾಲು ಕೊಡುವ ಮೊದಲು ಕೆಲವು ದಿನ ಮನೆಯಲ್ಲೇ ತಕ್ಕಡಿಗೆ ಹಾಕಿದೆ. ಕ್ಯಾನಿನ ತೂಕ ಕಳೆದು 10 ಕೆಜಿ. ಡೇರಿಯ ಚೀಟಿಯಲ್ಲಿ 9.7 ಲೀಟರ್. ಪ್ರತಿ ದಿನ ಹೀಗೇ. ಮುನ್ನೂರು ಮಿಲಿ ಎಲ್ಲಿ ಹೋಗುತ್ತದೆ ಅಂತ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಕೇಳಲೂ ಸಂಕೋಚ.

ಹಳೇ ಮೇಷ್ಟ್ರು
ಮೇ 28, ಸಂಜೆ 6.20

ಎಲ್ಲೂ ಹೋಗಿಲ್ಲ ಅಕ್ಕಾ. ನೀವು ತೂಗಿದ್ದು ಕಿಲೋ, ಅವರು ಬರೆದದ್ದು ಲೀಟರ್. ಒಂದು ಲೀಟರ್ ಹಾಲು ಸುಮಾರು 1.03 ಕೆಜಿ ತೂಗುತ್ತದೆ. 10 ಕೆಜಿಯನ್ನು 1.03ರಿಂದ ಭಾಗಿಸಿ, 9.7 ಬರುತ್ತದೆ. ಒಂದು ಲೀಟರ್ ಅಂದರೆ ಒಂದು ಕಿಲೋ ಅನ್ನುವುದು ನೀರಿಗೆ ಮಾತ್ರ. ಮೊದಲು ಲೀಟರನ್ನು ಒಂದು ಕಿಲೋ ನೀರಿನ ಅಳತೆಯಿಂದಲೇ ಗೊತ್ತು ಮಾಡುತ್ತಿದ್ದರು. 1964ರಿಂದ ಹತ್ತು ಸೆಂಟಿಮೀಟರಿನ ಘನ ಅಂತ ಮಾಡಿದ್ದಾರೆ. ವ್ಯತ್ಯಾಸ ನಮಗೆ ಗೊತ್ತಾಗುವಷ್ಟಿಲ್ಲ.

ಹಾಲಿಗೆ ನೀರು ಹಾಕಿದರೆ ಆ 1.03 ಕೆಳಗಿಳಿಯುತ್ತದೆ. ಲ್ಯಾಕ್ಟೋಮೀಟರ್ ಹೇಳುವುದು ಅದನ್ನೇ.

ರಿಪ್ಪನ್‌ಪೇಟೆ ಜೇನು
ಮೇ 28, ರಾತ್ರಿ 8.00

ಜೇನಿನಲ್ಲಿ ನಮ್ಮ ಕಷ್ಟ ತಿರುಗಾಮುರುಗಾ. ತುಡುವೆ ಜೇನು ಸಾಕಿದ್ದೇವೆ. 750 ಮಿಲಿಯ ಬಾಟಲಿಗೆ ತುಂಬಿ ಒಂದು ಕೆಜಿ ಅಂತ ಕೊಟ್ಟರೆ, ‘ಮುಕ್ಕಾಲು ಲೀಟರ್ ಕೊಟ್ಟು ಒಂದು ಕೆಜಿ ದುಡ್ಡು ತಗೊಂಡ್ರಿ’ ಅಂತ ಮುಖ ಸಣ್ಣ ಮಾಡಿಕೊಂಡು ಹೋಗುತ್ತಾರೆ. ಜೇನು ನೀರಿಗಿಂತ ಬಹಳ ಭಾರ. ಒಂದು ಲೀಟರ್ ಸುಮಾರು 1.4 ಕೆಜಿ. ಆ ಬಾಟಲಿಯಲ್ಲಿ ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿಯೇ ಇರುತ್ತದೆ. ನೀರಿನಂಶ ಹೆಚ್ಚಿರುವ ಜೇನುತುಪ್ಪ ಅದಕ್ಕಿಂತ ತುಸು ಹಗುರ. ಈಗ ನಾನು ಗಿರಾಕಿಯ ಎದುರಿಗೇ ಖಾಲಿ ಬಾಟಲಿ ತೂಗಿ, ತುಂಬಿದ ಮೇಲೆ ಮತ್ತೆ ತೂಗುತ್ತೇನೆ. ಅದಾದ ಮೇಲೆ ಯಾರೂ ಮಾತಾಡಿಲ್ಲ.

ಡಲ್ಲಾಸ್‌ನಿಂದ ಸೊರಬ
ಮೇ 28, ರಾತ್ರಿ 9.10

ನಾನು ಇಲ್ಲಿಂದ ಓದುತ್ತಿದ್ದೇನೆ. ಅಮ್ಮ ಫೋನಿನಲ್ಲಿ ಹಾಲುಬಾಯಿ ಹೇಳಿಕೊಟ್ಟರೆ ಇಲ್ಲಿನ ಕಪ್ಪಿನಲ್ಲಿ ಹದ ಬರುತ್ತಿರಲಿಲ್ಲ. ಇಲ್ಲಿನ ಕಪ್ 237 ಮಿಲಿ. ಊರಿನಿಂದ ತಂದ ಅಳತೆ ಸೆಟ್ಟಿನಲ್ಲಿ 250 ಅಂತ ಇದೆ. ಪಿಂಟ್ ಕೂಡ ಹಾಗೇ. ಇಲ್ಲಿ 473 ಮಿಲಿ, ಬ್ರಿಟನ್ನಿನಲ್ಲಿ 568. ದೊಡ್ಡ ಚಮಚ ಇಲ್ಲಿ 15ರ ಹತ್ತಿರ, ಆಸ್ಟ್ರೇಲಿಯಾದ ಗೆಳತಿಯ ಮನೆಯಲ್ಲಿ 20.

ಹೊಸನಗರ ಅಕ್ಕ
ಮೇ 28, ರಾತ್ರಿ 9.35

ನಿನ್ನ ಅಮ್ಮ ಯಾವತ್ತೂ ಮಿಲಿ ಹೇಳಿರಲಿಕ್ಕಿಲ್ಲ ಮಗಳೇ. ‘ಒಂದು ಲೋಟ ಅಕ್ಕಿಗೆ ಇಷ್ಟು ಲೋಟ ಕಾಯಿಹಾಲು’ ಅಂದಿರುತ್ತಾರೆ. ಅಕ್ಕಿ ಅಳೆದ ಲೋಟದಲ್ಲೇ ಬೆಲ್ಲ, ಅದೇ ಲೋಟದಲ್ಲೇ ಹಾಲು. ಲೋಟ ಸಣ್ಣದಾದರೆ ಹಾಲುಬಾಯಿ ಕಡಿಮೆ ಆಗುತ್ತದೆ, ಹದ ಕೆಡುವುದಿಲ್ಲ. ಅಕ್ಕಿಯನ್ನು ಗ್ರಾಮಿನಲ್ಲಿ ತೂಗಿ, ಹಾಲನ್ನು ಕಪ್ಪಿನಲ್ಲಿ ಅಳೆದರೆ ಮಾತ್ರ ತಪ್ಪುವುದು. ಒಂದು ಲೋಟ ಹಿಡಿದುಕೋ, ಕೊನೆಯ ತನಕ ಅದನ್ನೇ ಬಿಡಬೇಡ. ನಮ್ಮ ಸೇರು, ಪಾವು ಊರಿಂದೂರಿಗೆ ಬೇರೆ ಇದ್ದರೂ ಅಡಿಗೆ ನಡೆದದ್ದು ಹೀಗೇ. ಎಲ್ಲಿ ಹೋದರೂ ನಾಲ್ಕು ಪಾವಿಗೆ ಒಂದು ಸೇರು ಅಂತ ಇತ್ತಲ್ಲ.

ಡಲ್ಲಾಸ್‌ನಿಂದ ಸೊರಬ
ಮೇ 28, ರಾತ್ರಿ 9.41

ಹೌದು ಅತ್ತೆ, ಅಕ್ಕಿಯನ್ನು ನಾನು ತಕ್ಕಡಿಗೇ ಹಾಕುತ್ತಿದ್ದೆ! ಈ ಶನಿವಾರ ಮತ್ತೆ ಮಾಡುತ್ತೇನೆ.

ಗಾಜನೂರು ಕೆಳಗೆ
ಮೇ 29, ಬೆಳಗ್ಗೆ 6.50

ಇನ್ನು ಮಳೆ ಹಿಡಿದರೆ ಪೇಪರಿನಲ್ಲಿ ದಿನಾ ಕ್ಯುಸೆಕ್, ಟಿಎಂಸಿ ಬರುತ್ತದೆ. ಹೊಳೆ ದಂಡೆಯಲ್ಲಿ ಇರುವವರು ಇದನ್ನು ಲೀಟರಿಗೆ ಇಳಿಸಿಕೊಂಡು ನೋಡಬೇಕು ಅಂತ ನನ್ನ ಆಸೆ. ಒಂದು ಘನ ಅಡಿ ನೀರು 28.3 ಲೀಟರ್, ಅಂದರೆ ಎರಡು ಕೊಡ. ಸೆಕೆಂಡಿಗೆ ಒಂದು ಘನ ಅಡಿ ಹರಿದರೆ ಒಂದು ಕ್ಯುಸೆಕ್. ನೂರು ಕೋಟಿ ಘನ ಅಡಿ ಒಂದು ಟಿಎಂಸಿ, ಅಂದರೆ ಸುಮಾರು 2,832 ಕೋಟಿ ಲೀಟರ್. 11,574 ಕ್ಯುಸೆಕ್ ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ ಆಗುತ್ತದೆ.

ಗಾಜನೂರಿನ ತುಂಗಾ ಡ್ಯಾಮ್ ಹಿಡಿಯುವುದು 3.24 ಟಿಎಂಸಿ ಮಾತ್ರ. ಭದ್ರಾ 71.5. ಶೃಂಗೇರಿ, ಆಗುಂಬೆ ಕಡೆ ಮಳೆ ಜೋರಾಗಿ 50,000 ಕ್ಯುಸೆಕ್ ಒಳಹರಿವು ಬಂತು ಅಂದುಕೊಳ್ಳಿ. ಒಂದು ದಿನಕ್ಕೆ 4.32 ಟಿಎಂಸಿ. ಡ್ಯಾಮ್ ಪೂರ್ತಿ ಖಾಲಿ ಇದ್ದರೂ 18 ಗಂಟೆಗೆ ತುಂಬುತ್ತದೆ. ಮಳೆಗಾಲದಲ್ಲಿ ಅದು ಖಾಲಿ ಇರುವುದೂ ಇಲ್ಲ. ಬಂದಷ್ಟನ್ನೂ ಹಾಗೇ ಬಿಡದೆ ಬೇರೆ ದಾರಿ ಇಲ್ಲ. ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಮುಳುಗಿತಾ ಅಂತ ನೋಡಲು ಜನ ಸೇರುತ್ತಾರೆ. ಆ ಹೊತ್ತಿಗೆ ಸೇತುವೆ ಕೆಳಗೆ ಪ್ರತಿ ಸೆಕೆಂಡಿಗೆ 14 ಲಕ್ಷ ಲೀಟರ್ ದಾಟುತ್ತಿರುತ್ತದೆ. ‘ಭದ್ರಾದಲ್ಲಿ ತಿಂಗಳುಗಟ್ಟಲೆ ತುಂಬಿಸುತ್ತಾರೆ, ಇಲ್ಲಿ ಯಾಕೆ ಒಂದೇ ದಿನಕ್ಕೆ ಬಿಡುತ್ತಾರೆ’ ಅಂತ ಕೇಳುವವರಿಗೆ ಈ ಎರಡು ಅಂಕಿ ತೋರಿಸಿ.

ಕೊಪ್ಪ ಕಾಫಿ
ಮೇ 29, ಬೆಳಗ್ಗೆ 7.25

ಮಳೆಯ ಲೆಕ್ಕವನ್ನು ನಾನು ಸೇರಿಸುತ್ತೇನೆ. ನಮ್ಮ ಎಸ್ಟೇಟುಗಳಲ್ಲಿ ಇವತ್ತಿಗೂ ಇಂಚು, ಸೆಂಟಿನಲ್ಲೇ ಮಳೆ ಬರೆಯುತ್ತೇವೆ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಮೀ. ಮಿಮೀ ಲೆಕ್ಕ ಬಹಳ ಚಂದ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಮೀ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್. ಒಂದು ಎಕರೆ ಮೇಲೆ ಒಂದು ಇಂಚು ಬಿದ್ದರೆ ಒಂದು ಲಕ್ಷ ಲೀಟರಿಗಿಂತ ಸ್ವಲ್ಪ ಜಾಸ್ತಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಮೀ ಬಿದ್ದರೆ, ಸಾವಿರ ಚದರ ಅಡಿಯ ಹೆಂಚಿನ ಮಾಡಿನಿಂದಲೇ ಆರೂವರೆ ಲಕ್ಷ ಲೀಟರ್ ಅಂಗಳಕ್ಕೆ ಇಳಿಯುತ್ತದೆ. ಅಂಥ ಊರಿನಲ್ಲೂ ಏಪ್ರಿಲ್‌ನಲ್ಲಿ ಬಾವಿ ತಳ ಕಾಣುತ್ತದೆ ಅನ್ನುವಾಗ ನನಗೆ ಹೊಟ್ಟೆ ಉರಿಯುತ್ತದೆ.

ಬಾವಿಯಲ್ಲಿ ಎಷ್ಟು ನೀರಿದೆ ಅಂತಲೂ ನೋಡಿಕೊಳ್ಳಬಹುದು. ಐದು ಅಡಿ ಅಗಲದ ರಿಂಗ್ ಬಾವಿಯಾದರೆ ಒಂದು ಅಡಿ ನೀರಿಗೆ 556 ಲೀಟರ್. ಎಂಟು ಅಡಿ ಅಗಲದ್ದಾದರೆ 1,420 ಲೀಟರ್. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ, ಒದ್ದೆಯಾದ ಉದ್ದ ಅಳೆಯಿರಿ.

ತೀರ್ಥಹಳ್ಳಿ ತೋಟ
ಮೇ 29, ರಾತ್ರಿ 8.30

ಎಲ್ಲರಿಗೂ ದೊಡ್ಡ ನಮಸ್ಕಾರ. ಇವತ್ತು ಆರು ಡ್ರಮ್ ಮುಗಿಯಿತು.

ಬೆಳಗ್ಗೆ ಮೊದಲು ಕ್ಯಾನನ್ನೇ ಪರೀಕ್ಷೆ ಮಾಡಿದೆ. ಅಡಿಕೆ ತೂಗುವ ತಕ್ಕಡಿಯಲ್ಲಿ ಖಾಲಿ ಕ್ಯಾನ್ ಇಟ್ಟು, ಆಮೇಲೆ 20 ಕೆಜಿ ನೀರು ಆಗುವ ತನಕ ತುಂಬಿಸಿ, ಆ ಮಟ್ಟಕ್ಕೆ ಗೆರೆ ಎಳೆದೆ. ಕಂಠದ ಕೆಳಗೆ ಎರಡು ಬೆರಳು ಬಂತು. ಅದರಲ್ಲಿ ಹತ್ತು ಸಲ ಹೊಯ್ದು, ಡ್ರಮ್ಮಿನಲ್ಲಿ 200 ಲೀಟರಿಗೆ ಕೆಂಪು ಪೇಂಟಿನ ಪಟ್ಟಿ ಹಾಕಿದೆ. ಅದೇ ಡ್ರಮ್ ಬಾಯಿ ತನಕ ತುಂಬಿದರೆ 217 ಹಿಡಿಸುತ್ತದೆ. ಕೊಪ್ಪದವರು ಹೇಳಿದ ಹಾಗೇ ಆಯಿತು. ಇನ್ನೊಂದು ಡ್ರಮ್ ನೋಡಲು ಅದರ ಹಾಗೇ ಇದೆ, ಪಟ್ಟಿ ಮಾತ್ರ ಮೂರು ಬೆರಳು ಕೆಳಗೆ ಬಂತು.

ಎರಡು ಕೆಜಿ ತುತ್ತ, ಎರಡು ಕೆಜಿ ಸುಣ್ಣ. ಎರಡನೇ ಡ್ರಮ್ಮಿನಲ್ಲಿ ಕತ್ತಿ ಅದ್ದಿದಾಗ ತುದಿ ಕೆಂಪಾಯಿತು. ಅರ್ಧ ಬಕೆಟ್ ಸುಣ್ಣದ ನೀರು ಸೇರಿಸಿದ ಮೇಲೆ ನಿಂತಿತು. ಸಾಗರದ ಅಣ್ಣಾ, ಆ ಪರೀಕ್ಷೆ ಹೇಳದಿದ್ದರೆ ಅದನ್ನು ಹಾಗೇ ಹೊಡೆಸಿಬಿಡುತ್ತಿದ್ದೆ.

ಕೊನೆಗೌಡರು ಬೆರಳು ಅದ್ದಿ, ಒಣಗಿಸಿ, ಉಜ್ಜಿ ನೋಡಿದರು. ಏನೂ ಹೇಳಲಿಲ್ಲ. ದೋಟಿ ತಗೊಂಡು ತೋಟಕ್ಕೆ ಇಳಿದರು. ಅಪ್ಪ ಜಗಲಿಯಲ್ಲಿ ಕೂತು ಅಜ್ಜನ ಪುಸ್ತಕದ ಅದೇ ಪುಟದಲ್ಲಿ, ‘ಡಬ್ಬ 12½’ ಅನ್ನುವುದರ ಕೆಳಗೆ, ‘ಕ್ಯಾನ್ 10, ತುತ್ತ 2 ಕಿಲೋ, ಸುಣ್ಣ 2 ಕಿಲೋ’ ಅಂತ ಬರೆದು ಇವತ್ತಿನ ತಾರೀಖು ಹಾಕಿದ್ದಾರೆ.

ಎರಡನೇ ಸಲದ ಹೊಡೆತಕ್ಕೆ ನಲವತ್ತೈದು ದಿನ ಇದೆ. ಜುಲೈ ನಡುವೆ ಬಿಸಿಲು ಒಂದು ಹೊತ್ತು ಬಿಟ್ಟರೆ ಸಾಕು.

ಸಾಗರ ಅಡಿಕೆ
ಮೇ 29, ರಾತ್ರಿ 8.44

ಆಗ ಹೊಸ ಸುಣ್ಣ ತಗೊಳ್ಳಿ. ಈಗ ಉಳಿದದ್ದು ಅಷ್ಟರಲ್ಲಿ ಗಾಳಿಗೆ ಸತ್ತಿರುತ್ತದೆ.